ಒಂಬತ್ತು ಎಣಿಸುವಷ್ಟು ನೋಟ

ದೂರದರ್ಶಕಕ್ಕೆ ಹದಿನೆಂಟು ಸಾವಿರ, ಅದೂ ಯಾರೋ ಬಳಸಿ ಬಿಟ್ಟದ್ದು. ಅದನ್ನು ಆಕಾಶದ ಜೊತೆಗೇ ನಿಧಾನಕ್ಕೆ ತಿರುಗಿಸುವ ಮೋಟಾರು ಕೂಡಿಸಿದ ಮೂರು ಕಾಲಿನ ಸ್ಟ್ಯಾಂಡಿಗೆ ಇಪ್ಪತ್ತಾರು. ಕ್ಯಾಮೆರಾಕ್ಕೆ ಮೂವತ್ತು. ಮೂರು ಫಿಲ್ಟರುಗಳಿಗೆ ತಲಾ ಹನ್ನೊಂದರಂತೆ ಮೂವತ್ಮೂರು. ಒಂದೊಂದೂ ಕೋಟಿನ ದೊಡ್ಡ ಗುಂಡಿಯಷ್ಟು ಅಗಲದ ಗಾಜಿನ ಬಿಲ್ಲೆ. ಇಷ್ಟನ್ನು ಹೊಂದಿಸಲು ನಮ್ಮಜ್ಜನ ಕಾಲದ ತಾಮ್ರದ ಹಂಡೆಗಳು ಮೂರು ಹೋದವು, ಸಾಲದ್ದಕ್ಕೆ ಮಾಡು ರಿಪೇರಿಗೆಂದು ತೆಗೆದಿಟ್ಟದ್ದೂ ಹೋಗಿ ಒಂದಿಡೀ ಮಳೆಗಾಲ ಅಡಿಗೆಮನೆಯ ಸೋರುವ ಹಂಚಿನ ಕೆಳಗೆ ಪಾತ್ರೆ ಇಟ್ಟುಕೊಂಡು ಕೂತದ್ದಾಯಿತು. ಹೆಂಡತಿಯಿಂದ ಬೈಸಿಕೊಂಡದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅದು ನನಗೆ ಮೊದಲಿನಿಂದಲೂ ಪುಕ್ಕಟೆ ಸಿಗುತ್ತ ಬಂದಿದೆ.

ನನ್ನ ಹೆಸರು ಮುರಿಗೆಪ್ಪ. ಬಟ್ಟೆಗೆ ಬಣ್ಣ ಹಾಕುವುದು ನಮ್ಮ ಮನೆತನದ ಕಸುಬು. ಬೇರೆ ಊರುಗಳಲ್ಲಿ ಬಣ್ಣ ಬಿಸಿಲಿಗೆ ಹೋಗುತ್ತದಂತೆ, ನೀರಿಗೆ ಹೋಗುತ್ತದಂತೆ. ನಮ್ಮ ಊರಿನಲ್ಲಿ ನೋಡಿದ್ದರಿಂದ ಹೋಗುತ್ತದೆ. ಹೊರಗಿನಿಂದ ಬಂದವರು ಅದು ಹೇಗೆ ಎಂದು ಬೆರಗಾಗಿ ಕೇಳುತ್ತಾರೆ. ನಿಮ್ಮೂರಲ್ಲಿ ನೀರಿಗೆ ಹಾಕಿದ ಬೆಲ್ಲ ಯಾಕೆ ಕರಗುತ್ತದೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ? ಒಂಬತ್ತು ಎಣಿಸುವಷ್ಟು ಹೊತ್ತು ನೋಡಿದರೆ ಏನೂ ಆಗುವುದಿಲ್ಲ. ಹತ್ತನೆಯ ಎಣಿಕೆಗೆ ಬಣ್ಣ ಸಡಿಲಾಗುತ್ತದೆ. ಹೀಗಾಗಿ ನಮ್ಮಲ್ಲಿ ಮಕ್ಕಳು ನಡೆಯುವುದಕ್ಕಿಂತ ಮೊದಲು ಮುಖ ತಿರುಗಿಸುವುದನ್ನು ಕಲಿಯುತ್ತವೆ. ಬಳೆ ಅಂಗಡಿಯಲ್ಲಿ ಗೋಣಿಚೀಲದ ಪರದೆ ಇರುತ್ತದೆ. ಕೈ ಒಳಗೆ ಹಾಕಿ ಅಳತೆ ನೋಡಿ, ಬಣ್ಣವನ್ನು ಬಾಯಲ್ಲಿ ಹೇಳಿ ಕೊಳ್ಳಬೇಕು. ಕ್ಯಾಲೆಂಡರುಗಳು ಗೋಡೆಗೆ ಮುಖ ಮಾಡಿ ತೂಗುತ್ತವೆ. ತಾಯಂದಿರು ಎಳೆಗೂಸನ್ನು ಜರಡಿ ಅಡ್ಡ ಹಿಡಿದು ನೋಡುತ್ತಾರೆ. ದಪ್ಪ ಚಷ್ಮಾ ಹಾಕಿದವರನ್ನು ಮದುವೆಯಲ್ಲಿ ಕಂಬದ ಹಿಂದೆ ಕೂಡಿಸುತ್ತಾರೆ. ಚಂದ್ರ ಬೆಳ್ಳಗಾದದ್ದೇ ಲೋಕದವರೆಲ್ಲ ಲಂಗುಲಗಾಮಿಲ್ಲದೆ ನೋಡಿ ನೋಡಿ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ.

ಮದುವೆ, ಸಭೆ, ಹೆಣದ ಮುಂದೆ, ಎಲ್ಲಿ ನಾಲ್ಕು ಜನ ಸೇರಿ ಒಂದನ್ನು ನೋಡುತ್ತಾರೋ ಅಲ್ಲಿ ಎಣಿಕೆ ಕಲ್ಲಯ್ಯನವರು ಇರಬೇಕು. ಅವರು ಮನಸ್ಸಿನಲ್ಲಿ ಒಂಬತ್ತು ಎಣಿಸಿ ಚಪ್ಪಾಳೆ ತಟ್ಟುತ್ತಾರೆ, ಎಲ್ಲರೂ ತಮ್ಮ ತಮ್ಮ ಕಾಲುಬೆರಳು ನೋಡಿಕೊಳ್ಳುತ್ತಾರೆ. ಇಷ್ಟಾದರೂ ಜನರ ಕಣ್ಣು ಅಷ್ಟಿಷ್ಟು ಜಾರುತ್ತದೆ, ಸೀರೆ ಪೇಟಗಳು ಮಾಸುತ್ತವೆ, ನನ್ನ ಹಿತ್ತಲಿಗೆ ಬರುತ್ತವೆ. ಊರಿನವರ ಕಣ್ಣೇ ನನ್ನ ಅನ್ನ.

ಆದರೆ ನನಗೆ ಅನ್ನಕ್ಕಿಂತ ಹೆಚ್ಚಿನ ಹೆಮ್ಮೆ ಇದ್ದದ್ದು ಹೆಂಡತಿ ಬಾಳವ್ವನ ವಿಷಯದಲ್ಲಿ. ಐವತ್ತು ದಾಟಿದರೂ ಅವಳ ಮುಖದ ಬಣ್ಣ ಮದುವೆಯ ದಿನ ಇದ್ದಂತೆಯೇ ಇತ್ತು. ಹಣೆಯ ಮೇಲಿನ ಹಚ್ಚೆ ಹಸಿ ಎಲೆಯ ಹಾಗೆ ಹಸಿರು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಐದು ಎಣಿಕೆ, ಸಂಜೆ ಐದು ಎಣಿಕೆ. ಅಷ್ಟರ ಮೇಲೆ ನಾನು ಅವಳನ್ನು ನೋಡಿದವನಲ್ಲ. ಒಂಬತ್ತರವರೆಗೆ ಪರವಾನಗಿ ಇದ್ದರೂ ನಾಲ್ಕನ್ನು ಉಳಿತಾಯಕ್ಕೆ ಬಿಡುತ್ತಿದ್ದೆ. "ಮುರಿಗೆಪ್ಪ ಹೆಂಡತೀನ ಮಡಿಕಿ ಮುರೀದ ಹೊಸಾ ಸೀರಿ ಇಟ್ಟಂಗ ಇಟ್ಟಾನ" ಎಂದು ಬಾವಿಕಟ್ಟೆಯ ಹೆಂಗಸರು ಹೇಳುವುದು ಕಿವಿಗೆ ಬಿದ್ದಾಗಲೆಲ್ಲ ನಾನು ಒಂದು ಗೇಣು ಎತ್ತರವಾಗುತ್ತಿದ್ದೆ.

ನಮ್ಮಲ್ಲಿ ದೊಡ್ಡವರ ಮುಂದೆ ಆಡಬಾರದ ಒಂದು ಮಾತಿದೆ: ಕಣ್ತುಂಬ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಒಬ್ಬರಿಗೊಬ್ಬರು 'ನಿನ್ನ ಮನಿ ಮಂದಿ ಕಣ್ತುಂಬ ನೋಡಲಿ' ಎಂದು ಶಪಿಸುತ್ತಾರೆ. ನನಗೆ ಐವತ್ತೈದರ ವಯಸ್ಸಿನಲ್ಲಿ ಆ ಕೆಟ್ಟ ಚಪಲ ಹತ್ತಿತು. ದಿನವಿಡೀ ಬಣ್ಣದಲ್ಲಿ ಕೈ ಅದ್ದುವವನು, ಯಾವ ಬಣ್ಣವನ್ನೂ ಹತ್ತನೆಯ ಎಣಿಕೆಯವರೆಗೆ ನೋಡಿದವನಲ್ಲ. ಸಾಯುವುದರೊಳಗೆ ಒಂದೇ ಒಂದು ವಸ್ತುವನ್ನು, ಯಾರಿಗೂ ಕೇಡಾಗದಂತೆ, ಕಣ್ತುಂಬ ನೋಡಬೇಕು ಅನ್ನಿಸಿತು. ಯಾವುದನ್ನು ಎಂಬುದು ಗೊತ್ತಾಗಿದ್ದು ನಕ್ಷತ್ರದ ಹುಚ್ಚಿರುವ ಇಮಾಮಹುಸೇನನ ಚಷ್ಮಾದ ಅಂಗಡಿಯಲ್ಲಿ.

ಅವತ್ತು ತಿಂಗಳ ಒಂದನೆಯ ತಾರೀಖು. ಇಮಾಮ ಕ್ಯಾಲೆಂಡರು ತಿರುವಿ ಹಾಳೆ ಮಗುಚುತ್ತಿದ್ದ. ಹಾಳೆಯ ಮೇಲೆ ಒಂದು ಹೂವು ಕಂಡಿತು. ಕೆಂಪು, ಹಳದಿ, ನಡುವೆ ನೀಲಿಯ ಹಳ್ಳ, ಹಳ್ಳದಲ್ಲಿ ಚೆಲ್ಲಿದ ಹಾಗೆ ನಕ್ಷತ್ರಗಳು. ಏಳಕ್ಕೆ ಮುಖ ತಿರುಗಿಸಿ ಕೇಳಿದೆ.

"ಯಾ ಗಿಡದ್ದು ಇದು?"

"ಗಿಡದ್ದಲ್ರಿ ಮುರಿಗೆಪ್ಪಣ್ಣಾ, ಆಕಾಶದ್ದು. ನೀಹಾರಿಕೆ ಅಂತಾರ. ಆರಿದ್ರಾ ಚಿಕ್ಕಿ ಐತಲ್ಲ, ಅದರ ಮೂಡಲಕ್ಕ ಒಂದು ಗೇಣು. ಬರೇ ಹೊಗಿ. ನಡುವಿನ ಚಿಕ್ಕಿ ಗುಂಪು ಅದರಾಗ ಹುಟ್ಟಿದ್ದು."

"ಬಣ್ಣ ಹಾಕಿದವರು ಕೈ ಸಡಲ ಬಿಟ್ಟಾರ. ಕೆಂಪು ಜಾಸ್ತಿ ಆಗೇತಿ."

ಇಮಾಮ ನಕ್ಕ. "ನಿಮ್ಮ ಕಣ್ಣಿಗೆ ಅದೇ ಬಿತ್ತು ನೋಡ್ರಿ. ಬಣ್ಣ ಹಾಕಿದ್ದು ಖರೇನ. ಕ್ಯಾಮೆರಾಕ್ಕ ಸಿಗೋದು ಬೂದಿ ಬಣ್ಣ. ಮೂರು ಥರದ ಗಾಜು ಅಡ್ಡ ಇಟ್ಟು ಮೂರು ಸಲ ತೆಗೀತಾರ. ಆಮ್ಯಾಲೆ ಒಂದೊಂದಕ್ಕ ಒಂದೊಂದು ಬಣ್ಣ ಹಚ್ಚಿ ಕೂಡಸ್ತಾರ."

"ದೂರ ಎಷ್ಟು?"

"ಅಲ್ಲಿ ಹೊಂಟ ಬೆಳಕು ಇಲ್ಲಿ ಮುಟ್ಟಾಕ ಐದು ಸಾವಿರ ವರ್ಷ."

ನನ್ನ ತಲೆಯಲ್ಲಿ ಚಕ್ಕನೆ ಬೆಳಗಿತು. ಬೆಳಕಿಗೇ ಐದು ಸಾವಿರ ವರ್ಷ ಬೇಕಾದರೆ ಈ ಮುದುಕನ ನೋಟ ಅಲ್ಲಿ ಯಾವಾಗ ಮುಟ್ಟೀತು? ಲೋಕದಲ್ಲಿ ನಾನು ಕಣ್ತುಂಬ ನೋಡಿದರೂ ಕೆಡದ ವಸ್ತು ಒಂದಿದೆ ಎಂದಾಯಿತು. ಹಂಡೆ ಮಾರಿದೆ.

ಫಿಲ್ಟರಿನ ಕೆಲಸ ನನಗೆ ಬೇಗ ತಿಳಿಯಿತು. ಬಣ್ಣದ ನೀರನ್ನು ನಾವು ಬಟ್ಟೆಯಲ್ಲಿ ಸೋಸುವುದಿಲ್ಲವೇ, ಹಾಗೆ. ಊರ ದೀಪದ ಹಳದಿ, ಚಂದ್ರನ ಬಿಳಿ ಎಲ್ಲವನ್ನೂ ಹೊರಗೇ ತಡೆದು ಬೆಳಕಿನ ಒಂದೇ ಒಂದು ಎಳೆಯನ್ನು ಒಳಗೆ ಬಿಡುತ್ತದೆ. ಒಂದು ಬಿಲ್ಲೆ ಜಲಜನಕದ ಕೆಂಪಿಗೆ, ಒಂದು ಗಂಧಕದ ಇನ್ನೂ ಗಾಢವಾದ ಕೆಂಪಿಗೆ, ಒಂದು ಆಮ್ಲಜನಕದ ಹಸಿರುನೀಲಿಗೆ. ಇದನ್ನೆಲ್ಲ ಬಾಳವ್ವನಿಗೆ ಸಂಭ್ರಮದಿಂದ ವಿವರಿಸಿದೆ. ಅವಳು ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಒಳಗೆ ಏನೂ ಕಾಣದ್ದನ್ನು ಖಾತ್ರಿ ಮಾಡಿಕೊಂಡು ಹೇಳಿದಳು:

"ಬೆಳಕು ಬರದಂಗ ಮಾಡೋ ಗಾಜಿಗೆ ಮೂವತ್ಮೂರು ಸಾವಿರ ಕೊಟ್ಟೀರಿ. ನಮ್ಮ ಅಡಿಗಿಮನಿ ಕಿಡಕಿ ಗಾಜು ಇದ ಕೆಲಸ ಪುಕ್ಕಟ ಮಾಡತೈತಿ. ತೊಳದು ಹತ್ತು ವರ್ಷ ಆತು."

ಆ ಚಳಿಗಾಲ ಊಟದ ಹೊತ್ತಿಗೆ ಆರಿದ್ರೆ ಮೇಲೆ ಬರುವುದನ್ನೇ ಕಾದು ಮಾಳಿಗೆ ಹತ್ತಿದೆ. ದೂರದರ್ಶಕ ತಿರುಗಿಸಿದೆ, ಜಲಜನಕದ ಬಿಲ್ಲೆ ಹಾಕಿದೆ, ಚಿತ್ರ ತೆಗೆದೆ. ಕಪ್ಪು. ಇನ್ನೊಂದು ತೆಗೆದೆ. ಅದೂ ಕಪ್ಪು. ಇಪ್ಪತ್ತು ದಿನ ತೆಗೆದೆ. ಸಾವಿರದ ಎಂಟುನೂರು ಚಿತ್ರಗಳಾದವು, ಒಂದಕ್ಕಿಂತ ಒಂದು ಕಪ್ಪು. ಅಮಾವಾಸ್ಯೆಯ ದಿನ ಎಮ್ಮೆಯನ್ನು ತೆಗೆದಿದ್ದರೂ ಇದಕ್ಕಿಂತ ಬೆಳ್ಳಗೆ ಬರುತ್ತಿತ್ತು. ಗಾಜನ್ನು ಒರೆಸಿದೆ, ತಂತಿ ಬದಲಿಸಿದೆ, ಮೋಟಾರಿಗೆ ಎಣ್ಣೆ ಬಿಟ್ಟೆ, ಗುಟ್ಟಾಗಿ ಒಂದು ನಿಂಬೆಹಣ್ಣನ್ನೂ ಇಳಿಸಿದೆ. ಕೊನೆಗೆ ಎಲ್ಲವನ್ನೂ ಗೋಣಿಯಲ್ಲಿ ತುಂಬಿಕೊಂಡು ಇದನ್ನೆಲ್ಲ ತರಿಸಿಕೊಟ್ಟ ಇಮಾಮನಿಗೆ ನಾಲ್ಕು ಮಾತು ಬೈಯುವುದಕ್ಕೆ ತಯಾರಾಗಿ ಅವನ ಅಂಗಡಿಗೆ ಹೋದೆ.

ಅವನು ಎಲ್ಲವನ್ನೂ ಪರೀಕ್ಷೆ ಮಾಡಿದ. "ಎಲ್ಲಾ ಬರೋಬ್ಬರಿ ಅದಾವು. ಒಂದು ಚಿತ್ರಕ್ಕ ಕ್ಯಾಮೆರಾದ ಬಾಯಿ ಎಷ್ಟು ಹೊತ್ತು ತೆರದಿಟ್ಟೀರಿ?"

"ಎಷ್ಟಂದ್ರ? ಒಂಬತ್ತು ಎಣಿಸೂತನಕ."

ಇಮಾಮ ನನ್ನ ಮುಖವನ್ನೇ ನೋಡಿದ. ಒಂಬತ್ತು ಎಣಿಕೆ ಪೂರ್ತಿ ನೋಡಿದ. ಆಮೇಲೆ ಮುಖ ತಿರುಗಿಸಿ ಚಷ್ಮಾದ ಪೆಟ್ಟಿಗೆಗಳ ಮೇಲೆ ತಲೆಯಿಟ್ಟು ನಕ್ಕ, ನಾಲ್ಕು ಪೆಟ್ಟಿಗೆ ಕೆಳಗೆ ಬಿದ್ದವು.

"ಅಣ್ಣಾರ, ಅದು ಯಂತ್ರರಿ. ಅದಕ್ಕೇನು ಮದವಿ ಮನ್ಯಾಗ ಕುಂಡ್ರೋದೈತಿ? ಈ ಗಾಜಿನ್ಯಾಗ ಬೆಳಕು ಹನಿಹನಿಯಾಗಿ ಬರತೈತಿ. ಒಂದೊಂದು ಚಿತ್ರಕ್ಕ ಐದು ನಿಮಿಷ ಬೇಕು. ಅಂಥಾವು ನೂರಾರು ತಗದು ಒಂದರ ಮ್ಯಾಲೊಂದು ಕೂಡಿಸಬೇಕು."

"ಐದು ನಿಮಿಷ?" ನಾನು ಸುತ್ತ ನೋಡಿ ದನಿ ತಗ್ಗಿಸಿದೆ. "ಮುನ್ನೂರು ಎಣಿಕಿ?"

"ಮುನ್ನೂರು."

ನನ್ನ ಕಿವಿ ಬಿಸಿಯಾದವು. ಒಂದು ವಸ್ತುವನ್ನು ಕಣ್ತುಂಬ ನೋಡಬೇಕೆಂದು ಮೂರು ಹಂಡೆ ಮಾರಿದ ಮನುಷ್ಯ, ಯಂತ್ರದ ಕಣ್ಣನ್ನೂ ಒಂಬತ್ತಕ್ಕೇ ಮುಚ್ಚಿಸಿದ್ದ. ಹೇಳಿಕೊಟ್ಟವರು ಯಾರೂ ಇಲ್ಲ. ಕೈ ತನ್ನಷ್ಟಕ್ಕೆ ತಾನೇ ಮುಚ್ಚಿತ್ತು.

ಅವತ್ತು ಸಂಜೆ ಮುನ್ನೂರಕ್ಕೆ ಇಟ್ಟೆ. ಯಂತ್ರ ನೋಡುತ್ತಿರುವಾಗ ನನಗೇ ನಾಚಿಕೆಯಾಗಿ ಒಂಬತ್ತಕ್ಕೊಮ್ಮೆ ಬೇರೆ ಕಡೆ ತಿರುಗುತ್ತ ನಿಂತಿದ್ದೆ. ಇಮಾಮನಿಂದ ಎರವಲು ತಂದ ಲ್ಯಾಪ್‌ಟಾಪಿನ ಪರದೆಯ ಮೇಲೆ ಚಿತ್ರ ಮೂಡಿತು. ಬೂದಿ ಬಣ್ಣದ ಒಂದು ಉಂಗುರ, ಸರಿಯಾಗಿ ಉಬ್ಬದ ರೊಟ್ಟಿಯ ಹಾಗೆ ಅಂಚು ಹರಿದದ್ದು, ನಡುವೆ ತೂತು, ತೂತಿನಲ್ಲಿ ಏಳೆಂಟು ಚುಕ್ಕಿ. ಒಂಬತ್ತಾಯಿತು, ಹತ್ತಾಯಿತು. ಏನೂ ಆಗಲಿಲ್ಲ. ಬೂದಿಗೆ ಕಳೆದುಕೊಳ್ಳಲು ಬಣ್ಣ ಎಲ್ಲಿದೆ? ನಾನು ಎಣಿಕೆ ಬಿಟ್ಟು ನೋಡಿದೆ. ಜನ್ಮದಲ್ಲಿ ಮೊದಲ ಸಲ ಕಣ್ತುಂಬ ನೋಡಿದ್ದು, ಬಣ್ಣಗಾರನಾದ ನಾನು, ಬಣ್ಣವಿಲ್ಲದ ಒಂದು ಹೊಗೆಯನ್ನು.

ಮೋಟಾರಿನ ಸದ್ದು ಎರಡು ಮನೆಯಾಚೆಯ ಕಲ್ಲಯ್ಯನವರಿಗೆ ಕೇಳಿಸಿತು. ಮೂರನೆಯ ಸಂಜೆ ಅವರು ಕೋಲೂರುತ್ತ ಮಾಳಿಗೆ ಹತ್ತಿ ಬಂದರು.

"ಏನೋ ಅದು, ಗುರ್ ಅನ್ನಾಕತ್ತೈತಿ?"

"ಮೋಟಾರ್ರೀ ಅಜ್ಜಾರ."

"ಎತ್ತಾಗ ನೋಡಾಕತ್ತೈತಿ?"

"ಆಕಾಶದ ಕಡೆ."

"ಎಷ್ಟು ಎಣಿಕಿ?"

ಸುಳ್ಳು ಹೇಳಬಹುದಿತ್ತು. ಆದರೆ ಯಂತ್ರ ಆಗಲೇ ಅವರ ಕಣ್ಣೆದುರಿಗೆ ನೂರು ದಾಟಿತ್ತು. "ಮುನ್ನೂರ್ರೀ."

ಅವರು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತರು. "ಮುನ್ನೂರು! ಕಳ್ಳನ್ನ ಹಿಡಿದಾಗೂ ನಾವು ಅಷ್ಟು ನೋಡಂಗಿಲ್ಲಲೋ. ನಿಮ್ಮಪ್ಪ ಎಂಥಾ ಮರ್ಯಾದಸ್ಥ. ಆ ಚಿಕ್ಕಿ ಬಣ್ಣ ಹೋತಂದ್ರ ಯಾರು ಹೊಣಿ? ನಾಳೆ ಪಂಚಾಯ್ತಿ ಕರಸ್ತೀನಿ. ಯಂತ್ರ ಬಾವ್ಯಾಗ ಹಾಕಸ್ತೀನಿ."

ಮೂರು ಹಂಡೆ ಬಾವಿಯಲ್ಲಿ ಮುಳುಗುವುದು ಕಣ್ಣಿಗೆ ಕಟ್ಟಿತು. ಅದಕ್ಕಿಂತ ಹೆಚ್ಚಾಗಿ, ಈ ಜನ್ಮಕ್ಕೆ ಇದ್ದ ಒಂದೇ ಅವಕಾಶ. ಭಯಕ್ಕೆ ಬಾಯಿ ಚುರುಕಾಯಿತು. "ಅಜ್ಜಾರ, ನನ್ನ ನೋಟ ಅಲ್ಲಿ ಮುಟ್ಟಾಕ ಐದು ಸಾವಿರ ವರ್ಷ ಬೇಕು. ಬಣ್ಣ ಹೋತಂದ್ರ ಆ ಸುದ್ದಿ ತಿರುಗಿ ಇಲ್ಲಿ ಬರಾಕ ಇನ್ನೈದು ಸಾವಿರ. ಹತ್ತು ಸಾವಿರ ವರ್ಷದ ಮ್ಯಾಲೆ ಪಂಚಾಯ್ತಿಗೆ ಕರೀರಿ. ತಪ್ಪಿಸಿದರ ಕೇಳ್ರಿ."

ಅವರು ಗಂಭೀರವಾಗಿ ಯೋಚಿಸಿದರು. "ಅವತ್ತು ಅಮಾಸಿ ಬಂದಿತ್ತಂದ್ರ ಪಂಚಾಯ್ತಿ ಕೂಡಂಗಿಲ್ಲ."

"ಮರುದಿನ ಬರತೇನ್ರಿ."

"ಹೂಂ," ಎಂದರು. "ಏನು ಕಾಣತೈತಿ, ತೋರಸು."

ಪರದೆ ತೋರಿಸಿದೆ. ಅವರ ತುಟಿ ಎಣಿಸುತ್ತಿತ್ತು. ಒಂಬತ್ತಕ್ಕೆ ಕೈಗಳು ಚಪ್ಪಾಳೆಗೆ ಎದ್ದವು. "ಇದು ಬೂದಿ ರೀ, ಕಳಕೊಳ್ಳಾಕ ಏನಿಲ್ಲ," ಎಂದೆ. ಕೈಗಳು ಗಾಳಿಯಲ್ಲೇ ನಿಂತವು, ನಿಧಾನಕ್ಕೆ ತೊಡೆಯ ಮೇಲೆ ಇಳಿದವು. ಬಹಳ ಹೊತ್ತು ನೋಡಿದರು.

"ನಮ್ಮಾಕಿ ಕಡೀಕ ಹಿಂಗ ಆಗಿದ್ಲು," ಎಂದರು.

ಅವರ ಹೆಂಡತಿ ಗುರುಬಸವ್ವಜ್ಜಿ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಕೊನೆಗಾಲದಲ್ಲಿ ಆಕೆ ಒಗೆದು ಒಗೆದು ಸವೆದ ಬಟ್ಟೆಯ ಹಾಗೆ ಆಗಿದ್ದುದು ನನಗೂ ನೆನಪಿತ್ತು. "ಜಡ್ಡು ಅಂದಿದ್ರಲ್ರೀ ಎಲ್ಲಾರೂ?"

"ಜಡ್ಡಲ್ಲೋ. ನಾನ ನೋಡಿದ್ದು. ಬಾಗಲಾ ಹಾಕ್ಕೊಂಡು ನೋಡತಿದ್ದೆ. ಎಣಿಕಿ ಇಲ್ಲ, ಏನಿಲ್ಲ. ಆಮ್ಯಾಲೆ ಊರ ಮಂದೀಗರೆ ಹಂಗ ಆಗಬಾರದು ಅಂತ ಈ ಚಪ್ಪಾಳಿ ಕೆಲಸಕ್ಕ ಕುಂತೆ."

"ಅಜ್ಜಿ ಬ್ಯಾಡ ಅಂತಿರಲಿಲ್ಲೇನ್ರಿ?"

"ಎಲ್ಲೀದು. ಇನ್ನೊಂದೀಟು ನೋಡ್ರಿ ಅಂತಿದ್ಲು." ಅವರು ಕೋಲು ಹುಡುಕಿಕೊಂಡು ಎದ್ದರು. "ನಿನ್ನ ಯಂತ್ರ ಇಟ್ಕೋ. ಎಣ್ಣಿ ಬಿಡು, ಸಪ್ಪಳ ಭಾಳ ಐತಿ."

ಇದನ್ನು ಊಟಕ್ಕೆ ಕೂತಾಗ ಬಾಳವ್ವನಿಗೆ ಹೇಳಿದೆ. ಅವಳು ರೊಟ್ಟಿ ತಿರುವಿ ಹಾಕುತ್ತ ಒಂದೇ ಮಾತು ಅಂದಳು: "ಪುಣ್ಯವಂತಿ." ಗಂಡನಿಗಿಂತ ಮೊದಲು ಹೋದಳಲ್ಲ, ಅದಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ನನ್ನ ಬುದ್ಧಿ ಅಷ್ಟು.

ಎರಡು ತಿಂಗಳಲ್ಲಿ ಒಂದೊಂದು ಬಿಲ್ಲೆಗೆ ಹನ್ನೊಂದು ತಾಸಿನಂತೆ ಮೂವತ್ಮೂರು ತಾಸಿನ ಬೆಳಕು ಕೂಡಿತು. ಇಮಾಮ ಎಲ್ಲವನ್ನೂ ಸೇರಿಸಿ ಮೂರು ಬೂದಿ ಚಿತ್ರ ಮಾಡಿಕೊಟ್ಟ. ಇನ್ನು ಬಣ್ಣ. ನಮ್ಮ ಮನೆಯಲ್ಲಿ ಅದ್ದುವುದು, ಹಿಂಡುವುದು, ಹರವುವುದು ನಾನು. ಬಣ್ಣ ಕೂಡಿಸುವುದು ಬಾಳವ್ವ. ಬೋರ್ಡಿನ ಮೇಲೆ ಮಾತ್ರ ನನ್ನ ಹೆಸರು. ಒಂದು ಮಧ್ಯಾಹ್ನ ಇಮಾಮನನ್ನೂ ಲ್ಯಾಪ್‌ಟಾಪನ್ನೂ ಹಿತ್ತಲಿನಲ್ಲಿ ಕೂಡಿಸಿಕೊಂಡು ಅವಳನ್ನು ಕರೆದೆವು. ಅವಳು ಕೈ ಒರೆಸಿಕೊಂಡು ಬಂದು ತೀರ್ಪು ಹೇಳಿದಳು: ಗಂಧಕಕ್ಕೆ ಮಂಜಿಷ್ಠದ ಕೆಂಪು, ಜಲಜನಕಕ್ಕೆ ದಾಳಿಂಬೆ ಸಿಪ್ಪೆಯ ಹಳದಿ, ಆಮ್ಲಜನಕಕ್ಕೆ ನಮ್ಮ ನೀಲಿ. ಒಂಬತ್ತಕ್ಕೊಮ್ಮೆ ಕಣ್ಣು ತಿರುಗಿಸುತ್ತ ಇಮಾಮ ಹಾಗೇ ಹಚ್ಚಿದ. ಹೂವು ಚೆನ್ನಾಗಿ ಬಂತು. ಆದರೆ ಬೆಳಕು ಕೊಡುವುದರಲ್ಲಿ ಜಲಜನಕ ಧಾರಾಳಿ, ಉಳಿದೆರಡೂ ಜಿಪುಣರು. ಅವುಗಳನ್ನು ಸರಿಸಮ ಮಾಡಲು ಹಿಗ್ಗಿಸಿದಾಗ ನಕ್ಷತ್ರಗಳೂ ಕೆಂಪು ನೀಲಿ ಹಿಗ್ಗಿಕೊಂಡು ನೇರಳೆಯಾಗಿ ಕೂತವು.

"ಏನಿದು?" ಎಂದಳು ಬಾಳವ್ವ. "ನಟ್ಟನಡಕ ಬದನಿಕಾಯಿ ಚೆಲ್ಲೀರಲ್ಲ. ಎಣ್ಣಿಗಾಯಿ ಮಾಡೋದಿತ್ತೇನು?"

"ಅದಕ್ಕ ದಾರಿ ಐತ್ರಿ ಅಕ್ಕಾರ," ಎಂದ ಇಮಾಮ. "ಚಿಕ್ಕಿ ಗುಂಪನ್ನ ಬ್ಯಾರೆ ತಗೀಬೇಕು. ಈ ಗಾಜು ತಗದು, ನನ್ನ ಸಾದಾ ಬಣ್ಣದ ಕ್ಯಾಮೆರಾ ಹಚ್ಚಿ. ಬೆಳಗೋವು ಅವು, ಭಾಳ ಹೊತ್ತು ಬೇಕಾಗಿಲ್ಲ."

"ಎಷ್ಟು?" ಎಂದೆ.

ಅವನು ಹೇಳುವ ಮೊದಲೇ ನಗತೊಡಗಿದ್ದ. "ಒಂಬತ್ತು ಎಣಿಕಿ ಸಾಕ್ರೀ!"

ನನ್ನ ಕೈ ಅದನ್ನಂತೂ ಚೆನ್ನಾಗಿ ಬಲ್ಲದು. ಮರುದಿನದ ಹೊತ್ತಿಗೆ ನಕ್ಷತ್ರಗಳು ಬಂದವು. ಎಲ್ಲ ನೀಲಿ ಬೆರೆತ ಬಿಳಿ, ಅಂಚಿನಲ್ಲಿ ಒಂದು ಮಾತ್ರ ಹಳದಿ. ಅವನ್ನು ತಂದು ಹೂವಿನ ನಡುವೆ ಕೂರಿಸಿದೆವು. ಉಳಿದದ್ದು ಹಳ್ಳದ ನೀಲಿ ಎಷ್ಟು ಗಾಢ ಇರಬೇಕೆಂಬುದು.

"ಇನ್ನೂ ಒಂದೀಟು ಕಪ್ಪಿಗೆ ಹೋಗಲಿ," ಎಂದೆ.

"ಎಷ್ಟು ಕಪ್ಪಿಗೆ?" ಎಂದಳು ಬಾಳವ್ವ. "ನನ್ನ ಕಣ್ಣಿನಷ್ಟ?"

"ಬ್ಯಾಡ, ಅಷ್ಟು ಬ್ಯಾಡ. ನಿನ್ನ ಕಣ್ಣು ಪೂರಾ ಕರೇವು."

 ಇಮಾಮ ಇದ್ದಕ್ಕಿದ್ದಂತೆ ತನ್ನ ಚಷ್ಮಾ ಒರೆಸತೊಡಗಿದ. ನನಗೆ ಆಗ ಹೊಳೆಯಿತು, ಏನೋ ಹಾಸಿಗೆಯ ಕೆಳಗಿನ ಚೇಳನ್ನು ತುಳಿದಿದ್ದೇನೆಂದು.

"ಮೂವತ್ತೊಂದು ವರ್ಷ," ಎಂದಳು. "ನಲವತ್ತು ಥರದ ನೀಲಿ ಹೆಸರು ಹಿಡದು ಕರೀತೀರಿ. ನನ್ನ ಕಣ್ಣು ಯಾ ಬಣ್ಣ ಅನ್ನೋದು ನಿಮಗ ಗೊತ್ತಿಲ್ಲ." ಎದ್ದು ಒಳಗೆ ಹೋದಳು. ಅವತ್ತಿನಿಂದ ನನಗೆ ನೀಡುವಾಗ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಬೆಳಗಿನ ಐದು, ಸಂಜೆಯ ಐದು, ಎರಡೂ ಬಂದ್.

ನಾನು ಲೆಕ್ಕ ಹಾಕಿದೆ. ತಪ್ಪು ಮಾಡಿದ ಮೇಲೆ ಲೆಕ್ಕ ಹಾಕುವುದು ನನ್ನ ಸ್ವಭಾವ. ದಿನಕ್ಕೆ ಹತ್ತು ಎಣಿಕೆಯಂತೆ ಮೂವತ್ತೊಂದು ವರ್ಷದಲ್ಲಿ ನಾನು ಹೆಂಡತಿಯನ್ನು ನೋಡಿದ್ದು ಒಟ್ಟು ಮೂವತ್ತೊಂದೂವರೆ ತಾಸು. ಹೆಸರೂ ನೆಟ್ಟಗೆ ತಿಳಿಯದ ಒಂದು ಹೊಗೆಗೆ ಎರಡು ತಿಂಗಳಲ್ಲಿ ಮೂವತ್ಮೂರು. ಇನ್ನೊಂದು ಸಲ ಕೂಡಿಸಿ ನೋಡಿದೆ. ಅಷ್ಟೇ ಬಂತು.

ಚಿತ್ರವನ್ನು ಬಾಗಿಲಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ, ಬಟ್ಟೆ ಮುಚ್ಚಿ, ಅಂಗಡಿಯ ಮುಂದೆ ನಿಲ್ಲಿಸಿದೆ. ಇಡೀ ಊರಿಗೆ ತೋರಿಸಬೇಕೆಂಬ ಆಸೆ. ಅದಕ್ಕೂ ಹೆಚ್ಚಾಗಿ ಬಾಳವ್ವ ಕೂಡಿಸಿದ ಬಣ್ಣವನ್ನು ಊರು ಹೊಗಳಿದರೆ ಸೆರಗು ಒಂದಿಷ್ಟು ಮೇಲೆ ಹೋದೀತು ಎಂಬ ಉಪಾಯ. ಚಿತ್ರ ಹತ್ತಿರದ್ದು, ಕಾಗದದ್ದು. ಅದಕ್ಕೆ ಐದು ಸಾವಿರ ವರ್ಷದ ರಕ್ಷಣೆ ಇಲ್ಲ. ಹಾಗಾಗಿ ಕಲ್ಲಯ್ಯನವರನ್ನು ಪಕ್ಕದಲ್ಲೇ ಕುರ್ಚಿ ಹಾಕಿ ಕೂಡಿಸಿದೆ. ನೂರೈವತ್ತು ಜನ ಸೇರಿದರು. ಬಾಳವ್ವ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಬಟ್ಟೆ ಎಳೆದೆ.

ಎಲ್ಲರ ತಲೆಯೂ ಚಿತ್ರದತ್ತ ತಿರುಗಿತು. ನಾನು ಅಭ್ಯಾಸಬಲದಿಂದ ಎಣಿಸುತ್ತಿದ್ದೆ. ಏಳು, ಎಂಟು, ಒಂಬತ್ತು. ಚಪ್ಪಾಳೆ ಬೀಳಲಿಲ್ಲ. ಕಲ್ಲಯ್ಯನವರ ಕೈಗಳು ಎದೆಯ ಮಟ್ಟಕ್ಕೆ ಎದ್ದು ಅಲ್ಲೇ ನಿಂತಿದ್ದವು. ಬಾಯಿ ಒಂದಿಷ್ಟು ತೆರೆದಿತ್ತು. ಹನ್ನೊಂದು, ಹನ್ನೆರಡು. ವರ್ಷಗಟ್ಟಲೆ ಚಪ್ಪಾಳೆ ಕೇಳಿಯೇ ತಲೆ ತಗ್ಗಿಸಿದ ಜನ, ಅದು ಕೇಳದಿದ್ದಾಗ ಏನು ಮಾಡಬೇಕೆಂದು ತಿಳಿಯದೆ ನೋಡುತ್ತಲೇ ನಿಂತರು. ನಾನಾದರೂ ಬಟ್ಟೆ ಮುಚ್ಚಬಹುದಿತ್ತು. ನನ್ನ ಕೈಯಲ್ಲೇ ಇತ್ತು ಬಟ್ಟೆ. ನಾನೂ ನೋಡುತ್ತಿದ್ದೆ. ಮೊದಲು ನೀಲಿ ಸಡಿಲಾಯಿತು, ಆಮೇಲೆ ಹಳದಿ ತೆಳುವಾಯಿತು, ಕೊನೆಗೆ ಮಂಜಿಷ್ಠದ ಕೆಂಪು ಅಂಚಿನಿಂದ ಒಳಗೆ ಸರಿಯುತ್ತ ಹೋಯಿತು. ಮುನ್ನೂರು ಆಗುವಷ್ಟರಲ್ಲಿ ಬಾಗಿಲಷ್ಟು ದೊಡ್ಡ ಬೂದಿ ಉಂಗುರ ನಿಂತಿತ್ತು.

ಜನ ಒಬ್ಬೊಬ್ಬರಾಗಿ, ಜಗಳವಾದ ಮನೆಯಿಂದ ಹೋಗುವವರ ಹಾಗೆ ಹೋದರು. ಕಲ್ಲಯ್ಯನವರು ತಮ್ಮ ಕೈಗಳನ್ನು ನೋಡಿಕೊಂಡು ಕೂತಿದ್ದರು. "ತಪ್ಪಾತೋ ಮುರಿಗೆಪ್ಪ," ಎಂದರು. "ಮರತೆ."  ಅವರ ಕೈಗೆ ಕೋಲು ಕೊಟ್ಟು ಮನೆಯವರೆಗೆ ಬಿಟ್ಟುಬಂದೆ.

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಆ ಬೂದಿ ಚಿತ್ರವನ್ನು ಗೋಡೆಗೆ ಒರಗಿಸಿ ಅದರ ಮುಂದೆ ಕೂತಿದ್ದೆ. ಮುಖ ಹೇಗಿತ್ತೋ, ಬಾಳವ್ವ ನೀಲಿಯ ತೊಟ್ಟಿ ಕದಡುವುದನ್ನು ಬಿಟ್ಟು ಬಂದಳು.

"ಯಾಕ ಹಂಗ ಕುಂತೀರಿ? ಹೆಣಾ ಕಾಯೋರಂಗ."

"ನೀ ಕೂಡಿಸಿದ ಬಣ್ಣ ಹೋತಲ್ಲ."

"ಹೋಗಲಿ ಬಿಡ್ರಿ. ನೋಡಿದ್ರಲ್ಲ ಎಲ್ಲಾರೂ. ನಾನು ಈಟು ವರ್ಷ ಬಣ್ಣ ಕೂಡಿಸೇನಿ, ಯಾರರೆ ಹಂಗ ನೋಡಿದ್ದಿತ್ತೇನು?" ಒಂದು ಬಕೆಟ್ಟನ್ನು ಬೋರಲು ಹಾಕಿ ನನ್ನ ಎದುರಿಗೆ, ಬಿಸಿಲಿಗೆ ಮುಖ ಮಾಡಿ ಕೂತಳು. ಸೆರಗನ್ನು ಹಿಂದಕ್ಕೆ ತಳ್ಳಿದಳು. "ನೋಡ್ರಿ."

"ಏನ?"

"ನನ್ನ."

"ಬ್ಯಾಡ. ಮೂವತ್ತೊಂದು ವರ್ಷ ಜ್ವಾಕಿ ಮಾಡೇನಿ."

"ಗೊತ್ತೈತಿ. ಟ್ರಂಕಿನ್ಯಾಗಿನ ಸೀರಿ ಗತೆ ಇಟ್ಟೀರಿ. ಉಡಂಗಿಲ್ಲ, ಕೊಡಂಗಿಲ್ಲ. ಐದು ನಿಮಿಷ ನೋಡ್ರಿ. ಅಷ್ಟರ ಮ್ಯಾಲೆ ಹಂಡೇದ ಮಾತು ನಾ ಇನ್ನೊಮ್ಮೆ ಎತ್ತಂಗಿಲ್ಲ."

ನೋಡಿದೆ. ಒಂಬತ್ತಕ್ಕೆ ಕುತ್ತಿಗೆ ತಾನಾಗಿ ತಿರುಗಿತು. ಅವಳು ನೀಲಿ ಹತ್ತಿದ ಕೈಯಿಂದ ನನ್ನ ಗದ್ದ ಹಿಡಿದು ವಾಪಸು ತಂದಳು. ಮತ್ತೆ ಒಂಬತ್ತು, ಮತ್ತೆ ತಿರುಗಿತು. ಮತ್ತೆ ತಂದಳು. ಮೂರನೆಯ ಸಲಕ್ಕೆ ಕುತ್ತಿಗೆಗೆ ತಿಳಿಯಿತು. ಮೊದಲು ಕಂಡದ್ದೆಲ್ಲ ನನಗೆ ಗೊತ್ತಿದ್ದುದೇ. ಆಮೇಲೆ, ಯಂತ್ರದಲ್ಲಿ ಹೊಗೆ ಮೂಡಿದ ಹಾಗೆ, ಗೊತ್ತಿಲ್ಲದ್ದು ಒಂದೊಂದೇ ಮೇಲೆ ಬಂತು. ಎಡ ಹುಬ್ಬಿನ ನಡುವೆ ಒಂದು ಬಿಳಿ ಗೆರೆ.

"ಇದೇನು?"

"ನಮ್ಮ ಮದವ್ಯಾದ ಎರಡನೇ ವರ್ಷ. ಕುದಿಯೋ ಹಂಡೇದಾಗ ನೀವು ಕೋಲು ಜಾರಿಸಿದ್ರಿ."

"ನನಗ ಹೇಳಲಿಲ್ಲ ನೀನು."

"ಕಾಣತೈತಿ ಅಂದ್ಕೊಂಡಿದ್ದೆ."

ಬಲ ಕೆನ್ನೆ ಎಡ ಕೆನ್ನೆಗಿಂತ ಒಂದಿಷ್ಟು ತುಂಬಿಕೊಂಡಿತ್ತು. ನಗು ತಡೆದುಕೊಂಡಾಗ ಕೆಳತುಟಿಯ ಒಂದು ಮೂಲೆ ಮಾತ್ರ ಅಲುಗುತ್ತಿತ್ತು. ಹಾಗಾದರೆ ಇಷ್ಟು ವರ್ಷ ನನ್ನ ಎಷ್ಟು ಮಾತಿಗೆ ಅವಳು ನಗು ತಡೆದುಕೊಂಡಿದ್ದಳೋ, ನನಗೆ ತಿಳಿಯದೆ. ಮೂಲೆ ಅಲುಗುತ್ತಲೇ ಇತ್ತು. ಹಣೆಯ ಹಚ್ಚೆಯ ಹಸಿರು ಸಡಿಲಾಗುವುದು ಕಾಣಿಸಿತು. ಹೇಳೋಣವೆಂದರೆ ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಅವಳು ಎಷ್ಟು ನೋಡಿದರೂ ನನ್ನ ಬಿಳಿ ಗಡ್ಡದಲ್ಲಿ ಕಳೆಯಲು ಬಣ್ಣವಿಲ್ಲ, ಅವಳೇ ಒತ್ತಿದ ನೀಲಿ ಬೆರಳಿನ ಗುರುತುಗಳ ಹೊರತು.

"ಎಷ್ಟು ಹೋತು?" ಎಂದು ಕೊನೆಗೆ ಕೇಳಿದಳು.

"ಹಣೀ ಹಚ್ಚಿ ಪೂರಾ ಹೋತು. ತುಟಿ ಬಣ್ಣ ಒಂದೀಟು."

"ಹಚ್ಚಿ ಹೋದರ ಚೊಲೋ ಆತು. ಅದು ನಮ್ಮ ಅತ್ತಿ ಹಾಕಿಸಿದ್ದು." ಎದ್ದು ತೊಟ್ಟಿಯ ಕಡೆ ಹೋದಳು. "ಸಂಜೀಕ ಮತ್ತ ಬರ್ರಿ."

ಊರಿನವರು ಈಗ ನನ್ನನ್ನು ಒಳ್ಳೆಯ ಗಂಡ ಎನ್ನುವುದಿಲ್ಲ. ಬಾವಿಕಟ್ಟೆಯ ಹೆಂಗಸರು ಬಾಳವ್ವನ ಮುಖ ನೋಡಿ ಲೊಚಗುಟ್ಟುತ್ತಾರೆ, ಅವಳು ಕೊಡ ತುಂಬಿಕೊಂಡು ಹಾಡು ಗುನುಗುತ್ತ ಬರುತ್ತಾಳೆ. ಹೋದದ್ದು ಮೂರು ತಾಮ್ರದ ಹಂಡೆ, ಒಂದು ಚಿತ್ರದ ಬಣ್ಣ, ನನ್ನ ಒಳ್ಳೆಯ ಹೆಸರು, ನನ್ನ ಹೆಂಡತಿಯ ಹಣೆಯ ಹಚ್ಚೆ. ಸಿಕ್ಕದ್ದು ಒಂದು. ಅವಳ ಕಣ್ಣು ಕಪ್ಪಲ್ಲ. ದಾಳಿಂಬೆ ಸಿಪ್ಪೆಯ ನೀರಿಗೆ ಒಂದು ಚಿಟಿಕೆ ಅನ್ನಭೇದಿ ಹಾಕಿ ಎರಡನೆಯ ಸಲ ಅದ್ದಿದಾಗ ಬರುತ್ತದಲ್ಲ, ಹಸಿರು ಬೆರೆತ ಕಂದು, ಆ ಬಣ್ಣ.